ಬೆನ್ ಹೆಕ್ಟ್

ಬೆನ್ ಹೆಕ್ಟ್ (ಫೆಬ್ರವರಿ 28, 1894 – ಏಪ್ರಿಲ್ 18, 1964) ಅಮೆರಿಕದ ಪತ್ರಕರ್ತ, ಕಾದಂಬರಿಕಾರ, ನಾಟಕಕಾರ ಹಾಗೂ ಚಿತ್ರಕಥೆಗಾರ. ಪತ್ರಿಕಾ ವರದಿಗಾರರನ್ನು ಕುರಿತ ಪ್ರಸಿದ್ಧ ಹಾಸ್ಯಚಿತ್ರ 'ಹಿಸ್ ಗರ್ಲ್ ಫ್ರೈಡೇ' (1940), ಇವರು ಚಾರ್ಲ್ಸ್ ಮೆಕಾರ್ಥರ್ ಅವರೊಡನೆ ಬರೆದ 'ದಿ ಫ್ರಂಟ್ ಪೇಜ್' (ಮುಖಪುಟ) ಎಂಬ ನಾಟಕವನ್ನು ಆಧರಿಸಿದೆ.

ಜನನ ಮತ್ತು ಬಾಲ್ಯ

ಹೆಕ್ಟ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದ್ಯರು. ತಂದೆ ಬಟ್ಟೆ ಉದ್ಯಮದಲ್ಲಿದ್ದರು. ಕುಟುಂಬವು ಮುಂದೆ ವಿಸ್ಕಾನ್ಸಿನ್ ರಾಜ್ಯದ ರಸೀನ್ ಪಟ್ಟಣದಲ್ಲಿ ನೆಲೆಸಿತು. ಪ್ರೌಢಶಾಲೆಯ ವಿದ್ಯಾಭ್ಯಾಸದ ನಂತರ, 1910ರಲ್ಲಿ, ಹದಿನಾರು ವರ್ಷದ ಹೆಕ್ಟ್ ಷಿಕಾಗೊ ನಗರಕ್ಕೆ ಬಂದರು.

ಪತ್ರಿಕಾ ವೃತ್ತಿ

'ಷಿಕಾಗೊ ಡೈಲಿ ಜರ್ನಲ್' ಪತ್ರಿಕೆಯಲ್ಲಿ ಅವರಿಗೆ ದೊರೆತ ಮೊದಲ ಕೆಲಸ, ಅಪರಾಧ ಮತ್ತು ದುರಂತಗಳಿಗೆ ಸಿಲುಕಿದವರ ಭಾವಚಿತ್ರಗಳನ್ನು ಹೇಗಾದರೂ ಸಂಪಾದಿಸಿ ತರುವುದು. ದುಃಖದಲ್ಲಿದ್ದ ಮನೆಗಳಿಂದ ಭಾವಚಿತ್ರಗಳನ್ನು ಕದ್ದು ತಂದುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಬಳಿಕ ವರದಿಗಾರರಾಗಿ ಕೊಲೆ ಮೊಕದ್ದಮೆಗಳನ್ನೂ ಗಲ್ಲಿಗೇರಿಸುವ ಸಂದರ್ಭಗಳನ್ನೂ ಸಮೀಪದಿಂದ ಕಂಡರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ 'ಷಿಕಾಗೊ ಡೈಲಿ ನ್ಯೂಸ್' ಪತ್ರಿಕೆಯ ಪರವಾಗಿ ಬರ್ಲಿನ್‌ನಿಂದ ವರದಿ ಮಾಡಿದರು. 1921ರಲ್ಲಿ ಅದೇ ಪತ್ರಿಕೆಯಲ್ಲಿ ನಗರದ ಸಾಮಾನ್ಯ ಜನರನ್ನು ಕುರಿತ ಅಂಕಣವನ್ನು ಆರಂಭಿಸಿ ಜನಪ್ರಿಯರಾದರು. ಮೊದಲ ಕಾದಂಬರಿ 'ಎರಿಕ್ ಡಾರ್ನ್' ಅದೇ ವರ್ಷ ಪ್ರಕಟವಾಯಿತು.

ದಿ ಫ್ರಂಟ್ ಪೇಜ್

ಷಿಕಾಗೊದಲ್ಲಿಯೇ ವರದಿಗಾರರಾಗಿದ್ದ ಮೆಕಾರ್ಥರ್ ಅವರೊಡನೆ ಬರೆದ ಈ ನಾಟಕ 1928ರ ಆಗಸ್ಟ್ 14ರಂದು ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ಮೊದಲ ಪ್ರದರ್ಶನ ಕಂಡಿತು. ಜಾರ್ಜ್ ಎಸ್. ಕಾಫ್ಮನ್ ನಿರ್ದೇಶಿಸಿದರು.

ಕಥೆ ನಡೆಯುವುದು ಷಿಕಾಗೊ ನ್ಯಾಯಾಲಯದ ಕಟ್ಟಡದಲ್ಲಿರುವ ವರದಿಗಾರರ ಕೊಠಡಿಯಲ್ಲಿ. ಪೊಲೀಸನನ್ನು ಕೊಂದ ಅರ್ಲ್ ವಿಲಿಯಮ್ಸ್ ಎಂಬಾತನನ್ನು ಮರುದಿನ ಬೆಳಿಗ್ಗೆ ಗಲ್ಲಿಗೇರಿಸಬೇಕಾಗಿದೆ. ವರದಿಗಾರರು ಇಸ್ಪೀಟು ಆಡುತ್ತ ಆ ಸುದ್ದಿಗಾಗಿ ಕಾಯುತ್ತಿರುತ್ತಾರೆ. ಚುನಾವಣೆ ಹತ್ತಿರವಿರುವುದರಿಂದ ಮೇಯರ್ ಮತ್ತು ಷರೀಫರಿಗೆ ಈ ಗಲ್ಲು ಬೇಕಾಗಿದೆ. ರಾಜ್ಯಪಾಲರ ಆದೇಶವು ಮರಣದಂಡನೆಯನ್ನು ತಪ್ಪಿಸಲಿದ್ದರೂ, ಅದನ್ನು ತಂದವನಿಗೆ ಅವರು ಆಮಿಷ ತೋರಿಸಿ ಹಿಂದಕ್ಕೆ ಕಳುಹಿಸುತ್ತಾರೆ. ಅಷ್ಟರಲ್ಲಿ ಕೈದಿ ತಪ್ಪಿಸಿಕೊಳ್ಳುತ್ತಾನೆ. ಮದುವೆಗಾಗಿ ವೃತ್ತಿಯನ್ನೇ ತೊರೆಯಲು ಹೊರಟಿದ್ದ ವರದಿಗಾರ ಹಿಲ್ಡಿ ಜಾನ್ಸನ್ ಆತನನ್ನು ಮುಚ್ಚಳವುಳ್ಳ ದೊಡ್ಡ ಮೇಜಿನೊಳಗೆ ಬಚ್ಚಿಡುತ್ತಾನೆ. ಹಿಲ್ಡಿಯ ಸಂಪಾದಕ ವಾಲ್ಟರ್ ಬರ್ನ್ಸ್‌ಗೆ ಆ ಕೈದಿಯ ಪ್ರಾಣಕ್ಕಿಂತ ತನ್ನ ಪತ್ರಿಕೆಗೆ ಮಾತ್ರ ದಕ್ಕಲಿರುವ ಸುದ್ದಿಯೇ ದೊಡ್ಡದು. ಕೈದಿಗಾಗಿ ಮರುಗುವ ಮಾಲಿ ಮಲಾಯ್ ಎಂಬಾಕೆಯನ್ನು ವರದಿಗಾರರು ಗೇಲಿ ಮಾಡುತ್ತಾರೆ. ಅವರ ಗಮನವನ್ನು ಬೇರೆಡೆಗೆ ಸೆಳೆಯಲು ಆಕೆ ಕಿಟಕಿಯಿಂದ ಹೊರಕ್ಕೆ ಧುಮುಕುತ್ತಾಳೆ. ಪ್ರೇಕ್ಷಕರು ನಗುತ್ತಿರುವಾಗಲೇ ಒಬ್ಬ ಮನುಷ್ಯನ ಪ್ರಾಣ ತೂಗಾಡುತ್ತಿರುವುದು ಈ ಹಾಸ್ಯದ ವೈಶಿಷ್ಟ್ಯ.

ಚಲನಚಿತ್ರಗಳು

ಲೂಯಿಸ್ ಮೈಲ್‌ಸ್ಟೋನ್ 1931ರಲ್ಲಿ ಈ ನಾಟಕವನ್ನು ಮೊದಲ ಬಾರಿಗೆ ತೆರೆಗೆ ತಂದರು. 1940ರಲ್ಲಿ ಹೊವರ್ಡ್ ಹಾಕ್ಸ್ ಅವರು 'ಹಿಸ್ ಗರ್ಲ್ ಫ್ರೈಡೇ' ಚಿತ್ರಕ್ಕಾಗಿ ಹಿಲ್ಡಿಯನ್ನು ಮಹಿಳಾ ವರದಿಗಾರ್ತಿಯನ್ನಾಗಿಯೂ, ಸಂಪಾದಕನ ವಿಚ್ಛೇದಿತ ಪತ್ನಿಯನ್ನಾಗಿಯೂ ಮಾರ್ಪಡಿಸಿದರು. ಚಾರ್ಲ್ಸ್ ಲೆಡರರ್ ಚಿತ್ರಕಥೆ ಬರೆದರು. ರೋಸಲಿಂಡ್ ರಸೆಲ್ ಮತ್ತು ಕ್ಯಾರಿ ಗ್ರಾಂಟ್ ಅಭಿನಯಿಸಿದ ಈ ಚಿತ್ರವು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಆರಂಭವಾಗುವ ಅತಿವೇಗದ ಸಂಭಾಷಣೆಗೆ ಹೆಸರಾಗಿದೆ. 1974ರಲ್ಲಿ ಬಿಲ್ಲಿ ವೈಲ್ಡರ್ ಮೂಲ ಹೆಸರಿನಲ್ಲಿಯೇ ಇನ್ನೊಂದು ಚಿತ್ರ ನಿರ್ದೇಶಿಸಿದರು.

ಹೆಕ್ಟ್ ಅವರು 'ಅಂಡರ್‌ವರ್ಲ್ಡ್' (1927) ಚಿತ್ರದ ಕಥೆಗಾಗಿ ಮೊಟ್ಟಮೊದಲ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿಯೇ ಗೌರವ ಪಡೆದರು. 'ದಿ ಸ್ಕೌಂಡ್ರಲ್' (1935) ಚಿತ್ರಕ್ಕಾಗಿ ಮೆಕಾರ್ಥರ್ ಅವರೊಡನೆ ಮತ್ತೊಮ್ಮೆ ಆ ಪ್ರಶಸ್ತಿ ಗಳಿಸಿದರು. 'ಸ್ಕಾರ್‌ಫೇಸ್' (1932) ಮತ್ತು 'ನಟೋರಿಯಸ್' (1946) ಇವರ ಇತರ ಪ್ರಮುಖ ಚಿತ್ರಗಳು. 'ಗಾನ್ ವಿತ್ ದ ವಿಂಡ್' ಚಿತ್ರಕಥೆಯನ್ನು ತಿದ್ದಿಕೊಟ್ಟವರಲ್ಲಿ ಇವರೂ ಒಬ್ಬರು; ಆದರೆ ತೆರೆಯ ಮೇಲೆ ಇವರ ಹೆಸರಿಲ್ಲ.

ಸಾರ್ವಜನಿಕ ಹೋರಾಟ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಯೆಹೂದ್ಯರ ಸಾಮೂಹಿಕ ಹತ್ಯೆಯ ವರದಿಗಳನ್ನು ಅಮೆರಿಕದ ದೊಡ್ಡ ಪತ್ರಿಕೆಗಳು ಬಹುಮಟ್ಟಿಗೆ ಒಳಪುಟಗಳಲ್ಲಿ ಪ್ರಕಟಿಸಿದವು. ಮುಖಪುಟದ ಹಸಿವನ್ನು ನಾಟಕವಾಗಿಸಿದ್ದ ಹೆಕ್ಟ್ ಈಗ ಆ ಮುಖಪುಟಗಳ ಮೌನವನ್ನು ಎದುರಿಸಬೇಕಾಯಿತು. ತಮ್ಮ ಸಂಗಡಿಗರೊಡನೆ ಪೂರ್ಣ ಪುಟದ ಜಾಹೀರಾತುಗಳ ಮೂಲಕ ಅವರು ಈ ವಿಷಯವನ್ನು ಓದುಗರ ಮುಂದಿಟ್ಟರು. 1943ರ ಮಾರ್ಚ್ 9ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಕುರ್ಟ್ ವೈಲ್ ಅವರ ಸಂಗೀತದೊಂದಿಗೆ, 'ವಿ ವಿಲ್ ನೆವರ್ ಡೈ' ಎಂಬ ಅವರ ರೂಪಕ ಪ್ರದರ್ಶಿತವಾಯಿತು. ಯುದ್ಧಾನಂತರ ಪ್ಯಾಲೆಸ್ತೀನಿನಲ್ಲಿ ಬ್ರಿಟಿಷರ ವಿರುದ್ಧ ಸಶಸ್ತ್ರ ಹೋರಾಟಕ್ಕಿಳಿದ ಯೆಹೂದ್ಯ ಗುಂಪನ್ನು ಬಹಿರಂಗವಾಗಿ ಬೆಂಬಲಿಸಿದ್ದರಿಂದ ತೀವ್ರ ಟೀಕೆಗೆ ಗುರಿಯಾದರು. ಬ್ರಿಟನ್ನಿನ ಚಿತ್ರಮಂದಿರಗಳು ಕೆಲವು ವರ್ಷ ಅವರ ಚಿತ್ರಗಳನ್ನು ಬಹಿಷ್ಕರಿಸಿದವು.

ನಿಧನ

1954ರಲ್ಲಿ ಆತ್ಮಕಥೆ 'ಎ ಚೈಲ್ಡ್ ಆಫ್ ದ ಸೆಂಚುರಿ' ಪ್ರಕಟವಾಯಿತು. ಹೆಕ್ಟ್ ಅವರು 1964ರ ಏಪ್ರಿಲ್ 18ರಂದು ನ್ಯೂಯಾರ್ಕ್‌ನಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ನಿಧನರಾದರು. 'ದಿ ಫ್ರಂಟ್ ಪೇಜ್' 2016ರಲ್ಲಿ ಬ್ರಾಡ್‌ವೇಯಲ್ಲಿ ಮತ್ತೆ ರಂಗವೇರಿತು.