ಶಾಸನಪಂಡಿತ ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ ಅವರು ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ಓದಿ ಬಂದು ಮೈಸೂರಿನ ವಿದ್ಯಾ ಇಲಾಖೆಯಲ್ಲಿ ಅಧಿಕಾರಿಗಳಾದರು. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಕಂಡ ಕಲ್ಬರಹಗಳು ಅವರ ಮನಸ್ಸನ್ನು ಸೆಳೆದವು. 1886ರಿಂದ ಮುಂದಕ್ಕೆ, ಪಂಡಿತರ ನೆರವಿನಿಂದ, ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. 1892ರಲ್ಲಿ ಬ್ರಹ್ಮಗಿರಿಯ ಅಶೋಕಶಾಸನವನ್ನು ಬೆಳಕಿಗೆ ತಂದವರೂ ಅವರೇ. 1927ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು.

ಆ ಸಂಪುಟಗಳಲ್ಲಿ ಅರಸರು ಮಾತ್ರವಲ್ಲ, ಕೆರೆ ಕಟ್ಟಿಸಿದವರೂ ಊರಿನ ತುರುಗಳಿಗಾಗಿ ಕಾದಿ ಮಡಿದವರೂ ಇದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಂಥವರ ಹಿರಿಯರಿಗೂ ಚರಿತ್ರೆಯಲ್ಲಿ ಸ್ಥಾನವುಂಟೆಂದು ನಾನು ಅರಿತುದು ಇವುಗಳಿಂದಲೇ. ನಮ್ಮ ನಮ್ಮ ಊರಿನ ಶಾಸನಗಳು ಹಾಳಾಗದಂತೆ ಕಾಯುವುದೇ ಆ ಮಹನೀಯರಿಗೆ ನಾವು ಸಲ್ಲಿಸಬೇಕಾದ ಋಣ.