ಹಂಡೆ ನೀರು, ಅಗ್ಗದ ಮಾತ್ರೆ ಮತ್ತು ಡಾ. ಕೆ. ಎಸ್. ಮಣಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ನಮಗೆಲ್ಲ ಹಂಡೆಯ ಬಿಸಿನೀರು ತಲೆಗೆ ಹೊಯ್ದುಕೊಂಡ್ರೇ ಮಿಂದ ಹಾಗೆ. ಆದರೆ ಕೆಲವರಿಗೆ ಅದರಿಂದಲೇ ಫಿಟ್ಸ್ ಬರುತ್ತೆ! ಈ ವಿಚಿತ್ರ ಅಪಸ್ಮಾರದ ಬಗ್ಗೆ 1968ರಲ್ಲೇ ಸಹೋದ್ಯೋಗಿಗಳ ಜೊತೆ ವರದಿ ಬರೆದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ.

ಮುಂದೆ ಅವರ ತಂಡ ಚಾಮರಾಜನಗರ ಕಡೆಯ ಯಳಂದೂರಿನ ಹಳ್ಳಿಗಳಿಗೇ ಹೋಯ್ತು. ಸುಮಾರು 65 ಸಾವಿರ ಜನರಲ್ಲಿ ಫಿಟ್ಸ್ ಇದ್ದವರನ್ನು ಹುಡುಕಿ, ಹಳೆಯ, ಅಗ್ಗದ ಫಿನೋಬಾರ್ಬಿಟಾಲ್ ಅಥವಾ ಫಿನಿಟಾಯಿನ್ ಮಾತ್ರೆ ಕೊಟ್ಟು, ವರ್ಷಗಟ್ಟಲೆ ಗಮನಿಸಿತು. ಬಹಳ ಜನರ ಫಿಟ್ಸ್ ಹಿಡಿತಕ್ಕೆ ಬಂತು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು.

ನಾವೋ, ಕ್ಲಾಸಲ್ಲಿ ಯಾರಾದ್ರೂ ಬಿದ್ದರೆ ಇನ್ನೂ ಬೈಕಿನ ಕೀ ಹುಡುಕ್ತೇವೆ ಮಾರಾಯ್ರೆ! ಕಬ್ಬಿಣ ಬೇಡ. ಪಕ್ಕಕ್ಕೆ ಮಲಗಿಸೋಣ, ಆಮೇಲೆ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ.