ಚಹಾಗುರು ಫುರುತ ಒರಿಬೆ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನಾದವನ್ನು ಆಲಿಸುತ್ತಾರೆ, ಸೊಟ್ಟಗಿರುವುದನ್ನು ಪಕ್ಕಕ್ಕಿಡುತ್ತಾರೆ. ನೀರು ತುಂಬುವ ಪಾತ್ರೆಗೆ ಈ ಪರೀಕ್ಷೆ ಯುಕ್ತವೇ ಸರಿ. ಆದರೆ ಬೆಂಕಿಯಲ್ಲಿ ಬಾಗಿದ ಮಣ್ಣಿನಲ್ಲಿಯೂ ಚೆಲುವನ್ನು ಕಂಡ ರಸಿಕನೊಬ್ಬನು ಜಪಾನಿನಲ್ಲಿದ್ದನು. ಅವನೇ ಫುರುತ ಒರಿಬೆ.

ಒರಿಬೆ ಸುಮಾರು 1544ರಲ್ಲಿ ಮಿನೊ ಪ್ರಾಂತದ ಯೋಧರ ಮನೆತನದಲ್ಲಿ ಜನಿಸಿದನು. ನೊಬುನಾಗ, ಹಿದೆಯೊಶಿ ಎಂಬ ಪ್ರಬಲ ದಳಪತಿಗಳ ಸೇವೆಯಲ್ಲಿ ಮೇಲೇರಿದನು. ಖಡ್ಗ ಹಿಡಿದ ಆ ಕೈಗೆ ಚಹಾದ ಬಟ್ಟಲನ್ನು ಹಿಡಿಯಲು ಕಲಿಸಿದವನು ಸೆನ್ ನೊ ರಿಕ್ಯೂ. ಜಪಾನೀಯರು ಚಹಾ ಸತ್ಕಾರವನ್ನು ವ್ರತದಂತೆ ಆಚರಿಸುತ್ತಾರೆ. ಪುಟ್ಟ ಕೋಣೆಯ ಗೂಡಿನಲ್ಲಿ ಹೂದಾನಿಯನ್ನಿರಿಸಿ, ಅದರಲ್ಲಿ ಒಂದೆರಡು ಹೂಗಳನ್ನಿಟ್ಟು, ಆತಿಥೇಯನು ತಾನೇ ಚಹಾ ಸಿದ್ಧಪಡಿಸಿ ಅತಿಥಿಗಳಿಗೆ ನೀಡುತ್ತಾನೆ.

1591ರಲ್ಲಿ ಹಿದೆಯೊಶಿಯು ರಿಕ್ಯೂವಿನ ಮೇಲೆ ಮುನಿದು ಅವನನ್ನು ಕ್ಯೋಟೋ ನಗರದಿಂದ ಹೊರಗಟ್ಟಿದನು. ರಿಕ್ಯೂವಿಗೆ ಶಿಷ್ಯರು ಹಲವರಿದ್ದರು. ಆದರೆ ಒಡೆಯನ ಕೋಪಕ್ಕೆ ಅಂಜದೆ ಯೊದೊ ನದಿಯ ತೀರಕ್ಕೆ ಬಂದು ಅವನನ್ನು ಬೀಳ್ಕೊಟ್ಟವರು ಇಬ್ಬರೇ: ಹೊಸೊಕಾವ ತದಾಒಕಿ ಮತ್ತು ಒರಿಬೆ. ಕೆಲವೇ ದಿನಗಳಲ್ಲಿ ಹಿದೆಯೊಶಿಯ ಆಜ್ಞೆಯಂತೆ ರಿಕ್ಯೂ ತನ್ನ ಪ್ರಾಣವನ್ನು ತಾನೇ ನೀಗಬೇಕಾಯಿತು.

ಗುರುವಿನ ತರುವಾಯ ಒರಿಬೆ ನಾಡಿನ ಅಗ್ರಗಣ್ಯ ಚಹಾಗುರುವಾದನು. ದೇಶವನ್ನಾಳಿದ ತೊಕುಗಾವ ಹಿದೆತದನೂ ಅವನಲ್ಲಿ ಕಲಿತನು. ಒರಿಬೆ ಗುರುವನ್ನು ಪೂಜಿಸಿದರೂ ಅನುಕರಿಸಲಿಲ್ಲ. ರಿಕ್ಯೂವಿನ ಅಭಿರುಚಿ ಶಾಂತವಾದುದು, ಒರಿಬೆಯದು ದಿಟ್ಟವಾದುದು. ಇಗಾ ಪ್ರಾಂತದ ಕುಂಬಾರರು ಅವನ ಅಭಿರುಚಿಗೆ ಒಪ್ಪುವ ಹೂದಾನಿಗಳನ್ನು ಮಾಡಿದರು. ಅವುಗಳ ಮೈ ಬಾಗಿದೆ, ಇಕ್ಕೆಲಗಳಲ್ಲಿ ಕಿವಿಗಳಿವೆ. ಆವಿಗೆಯ ಉರಿಯಲ್ಲಿ ಸೌದೆಯ ಬೂದಿ ಕರಗಿ ಹಸಿರು ಗಾಜಿನಂತೆ ಮೈಮೇಲೆ ಇಳಿದಿದೆ.

1615ರಲ್ಲಿ ಒಸಾಕ ಕೋಟೆಯ ಯುದ್ಧ ನಡೆದಾಗ, ಒರಿಬೆ ಶತ್ರುಗಳೊಡನೆ ಸಂಚು ಹೂಡಿದನೆಂಬ ಆರೋಪ ಬಂದಿತು. ತೊಕುಗಾವರ ಆಜ್ಞೆಯಂತೆ ಅವನೂ ಗುರುವಿನ ಹಾದಿಯನ್ನೇ ಹಿಡಿದನು. ತನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲವೆಂದು ಪ್ರತೀತಿ.

ಇಗಾ ಹೂದಾನಿಗಳಲ್ಲಿ ಒಂದಕ್ಕೆ ಕರತಾಚಿ ಎಂಬ ಮುಳ್ಳುಗಿಡದ ಹೆಸರಿದೆ. ಆವಿಗೆಯಲ್ಲಿ ಅಂಟಿಕೊಂಡ ಚೂರುಗಳು ಅದರ ಹೆಗಲ ಮೇಲೆ ಮುಳ್ಳುಗಳಂತೆ ನಿಂತಿವೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಕನಜಾವ ನಗರದಿಂದ ಟೋಕಿಯೋಗೆ ಹೊರಟಾಗ, ಅಲ್ಲಿನ ಚಹಾಪ್ರಿಯರು ಸಮಾರಂಭದ ಉಡುಪು ಧರಿಸಿ ರೈಲು ನಿಲ್ದಾಣಕ್ಕೆ ಬಂದು ಅದನ್ನು ಬೀಳ್ಕೊಟ್ಟರೆಂದು ಹೇಳುತ್ತಾರೆ. ಬಾಗಿದ ಪಾತ್ರೆಯನ್ನು ಎಸೆಯದವನು, ಕಷ್ಟಕ್ಕೆ ಸಿಲುಕಿದ ಗುರುವನ್ನು ತೊರೆಯದವನು ಒರಿಬೆ. ವಸ್ತುವಾಗಲಿ, ಮನುಷ್ಯನಾಗಲಿ, ಲೋಕವು ಬದಿಗೊತ್ತಿದುದರ ಬೆಲೆಯನ್ನು ಅರಿಯುವ ಕಣ್ಣು ಅವನಿಗಿತ್ತು.